ಡಬ್ಬದ ಆಂಟೆನಾ, ನಾಲ್ಕು ಮನೆಯ ಬಿಲ್ಲು

2020ರ ಡಿಸೆಂಬರ್ ಮುಗಿಯುತ್ತಿತ್ತು. ತೋಟದ ಮನೆಯ ಅಕ್ಕ ಗೋಡೆಯ ಕ್ಯಾಲೆಂಡರ್ ಇಳಿಸಿ ನನ್ನ ಮುಂದಿಟ್ಟು, "ತಮ್ಮಾ, ನೀನು ಲೆಕ್ಕ ಬರೆಯೋನು, ಇದನ್ನ ಒಂದು ಸಲ ಎಣಿಸು" ಅಂದರು. ಫೋನಿಗೆ ರೀಚಾರ್ಜ್ ಮಾಡಿಸಿದ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಹಾಳೆ ಹನ್ನೆರಡು, ಸುತ್ತು ಹದಿಮೂರು. ಫೋನ್ ಕಂಪನಿಯ ತಿಂಗಳಿಗೆ ಆಗ 28 ದಿನ ಮಾತ್ರ, ಹಾಗಾಗಿ ವರ್ಷಕ್ಕೆ ಒಂದು ರೀಚಾರ್ಜ್ ಹೆಚ್ಚಿಗೆ ಬೀಳುತ್ತಿತ್ತು. 249 ರೂಪಾಯಿಯ ಪ್ಲಾನ್, ಎರಡು ಫೋನ್, 13 ಸಲ: ಒಟ್ಟು 6,474 ರೂಪಾಯಿ. ಕೈಮಗ್ಗದ ಸೀರೆ ಮಾರಿ ಬದುಕುವ ಮನೆಗೆ ಅದು ಸಣ್ಣ ಮೊತ್ತವಲ್ಲ. 30 ದಿನದ ಪ್ಲಾನ್ ಒಂದಾದರೂ ಇಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ ಆದೇಶ ಮಾಡಿದ್ದು ಆಮೇಲೆ, 2022ರ ಜನವರಿಯಲ್ಲಿ.

ನಮ್ಮದು ತಮಿಳುನಾಡಿನ ಆನೈಮಲೈ. ಪೊಳ್ಳಾಚಿಯಿಂದ ದಕ್ಷಿಣಕ್ಕೆ, ಆಳಿಯಾರ್ ಹೊಳೆಯ ಬದಿಯ ಊರು. ಓದಿದ್ದು ತಮಿಳು, ಒಲೆಯ ಮುಂದೆ ಆಡುವುದು ಕನ್ನಡ. ಈ ಸೀಮೆಯ ದೇವಾಂಗರ ಮನೆಗಳಲ್ಲಿ ಇದು ಹೊಸದೇನಲ್ಲ. ಅಕ್ಕನ ತವರು ನೆಗಮಂ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹತ್ತಿ ಸೀರೆಯ ಊರದು. ಲಾಕ್‌ಡೌನ್ ಬಂದ ಮೇಲೆ ಅಕ್ಕ ಸೀರೆಯ ಅಂಚು, ಸೆರಗನ್ನು ವಿಡಿಯೋ ಕರೆಯಲ್ಲೇ ತೋರಿಸಿ ಮಾರುತ್ತಿದ್ದರು. ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಫೋನೇ ಶಾಲೆ. ಮೂರನೆಯ ಮನೆಯಲ್ಲಿ ವಯಸ್ಸಾದ ದಂಪತಿ. ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾನೆ, ರಾತ್ರಿ ಎಂಟಕ್ಕೆ ಅವನ ಮುಖ ಪರದೆಯಲ್ಲಿ ಕಂಡರೇನೇ ಅವರಿಗೆ ಊಟ ಸೇರುವುದು. ಆದರೆ ಮೂರೂ ಮನೆಯಲ್ಲಿ ದಿನದ ಡೇಟಾ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು.

ನಮ್ಮ ಬೀದಿಗೆ ಆಗಲೇ ಫೈಬರ್ ಬಂದಿತ್ತು. ತಿಂಗಳಿಗೆ 700 ರೂಪಾಯಿ, 18% ಜಿಎಸ್‌ಟಿ ಸೇರಿ 826. ನಾನು ತೆಂಗಿನ ನಾರಿನ ಕಾರ್ಖಾನೆಗಳ ಲೆಕ್ಕ ಬರೆಯುವವನು. ಜಿಎಸ್‌ಟಿ ರಿಟರ್ನ್ ಸಲ್ಲಿಸಲು 100 ಎಂಬಿಪಿಎಸ್ ವೇಗದ ಹತ್ತರಲ್ಲೊಂದು ಪಾಲೂ ನನಗೆ ಬೇಕಿರಲಿಲ್ಲ. ತೋಟದ ಮನೆಗಳು ನಮ್ಮ ತಾರಸಿಯಿಂದ 350 ಮೀಟರ್ ದೂರ. ಮೂರು ಮನೆಗೋಸ್ಕರ ಅಷ್ಟುದ್ದ ಕಂಬ ನೆಡಲು ಆಗುವುದಿಲ್ಲ ಎಂದು ಕೇಬಲ್‌ನವರು ಹೇಳಿಬಿಟ್ಟಿದ್ದರು.

ವೈಫೈಯನ್ನು ಅಷ್ಟು ದೂರ ಕಳಿಸಬಹುದು ಎನ್ನುವ ಧೈರ್ಯ ಬಂದದ್ದು ತೇನಿಯಿಂದ. ಕೊಡೈಕನಾಲ್ ಬೆಟ್ಟದ ಆಚೆ ಮಗ್ಗುಲಿನ ಊರು ಅದು. ಅಲ್ಲಿನ ಅರವಿಂದ್ ಕಣ್ಣಾಸ್ಪತ್ರೆ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಸೇರಿ, 2005–06ರ ಸುಮಾರಿಗೇ ಸಾಮಾನ್ಯ ವೈಫೈ ಉಪಕರಣಕ್ಕೆ ಒಂದೇ ದಿಕ್ಕಿಗೆ ಅಲೆ ಕಳಿಸುವ ಆಂಟೆನಾ ಜೋಡಿಸಿ ಹಳ್ಳಿಯ ಕಣ್ಣು ತಪಾಸಣಾ ಕೇಂದ್ರಗಳನ್ನು ಆಸ್ಪತ್ರೆಗೆ ಬೆಸೆದಿದ್ದವು. ಹಳ್ಳಿಯ ರೋಗಿಯನ್ನು ವೈದ್ಯರು ವಿಡಿಯೋದಲ್ಲೇ ನೋಡುತ್ತಿದ್ದರು. ಕರ್ನಾಟಕದಲ್ಲೂ ತುಮಕೂರು ಬಳಿಯ ದೇವರಾಯನದುರ್ಗದ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಊರಿನವರೇ ನಡೆಸುವ ವೈಫೈ ಜಾಲ ಕಟ್ಟಿದೆ. ಅಲ್ಲೆಲ್ಲ ಆಗುವುದಾದರೆ 350 ಮೀಟರ್ ಯಾವ ಮಹಾ ದೂರ?

ಅಂಗಡಿಯ ಸಿದ್ಧ ಜೋಡಿ ಉಪಕರಣಕ್ಕೆ ಆಗ ಹತ್ತಿರ ಹತ್ತಿರ 6,000 ರೂಪಾಯಿ. ತೆಂಗಿನ ತೋಟದ ನಡುವೆ ಅಲೆ ಹಾಯುತ್ತದೋ ಇಲ್ಲವೋ ತಿಳಿಯದೆ ಅಷ್ಟು ಹಣ ಹಾಕಲು ಮನಸ್ಸಾಗಲಿಲ್ಲ. ಹಾಗಾಗಿ ತಗಡಿನ ಡಬ್ಬದಿಂದ ನಾನೇ ಆಂಟೆನಾ ಮಾಡಲು ಕೈ ಹಾಕಿದೆ.

ಮೊದಲ ಡಬ್ಬ ಕೆಲಸವನ್ನೇ ಮಾಡಲಿಲ್ಲ. ಅಡುಗೆಮನೆಯಲ್ಲಿ ಸಿಕ್ಕ ಸಣ್ಣ ಡಬ್ಬ ಅದು, ಏಳು ಸೆಂಟಿಮೀಟರ್ ಅಗಲ. ವೈಫೈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಡಬ್ಬದ ಅಗಲ 7.3 ಸೆಂಟಿಮೀಟರಿಗಿಂತ ಕಡಿಮೆಯಾದರೆ ಆ ಅಲೆ ಡಬ್ಬದೊಳಗೆ ಸಾಗುವುದೇ ಇಲ್ಲ. ಒಂಬತ್ತು ಸೆಂಟಿಮೀಟರಿನ ಡಬ್ಬ ಹುಡುಕಿ, ಹಿಂದಿನ ತಳದಿಂದ ಐದು ಸೆಂಟಿಮೀಟರ್ ಅಳೆದು ತೂತು ಕೊರೆದೆ. ಮನೆ ವೈರಿಂಗ್‌ನ ದಪ್ಪ ತಾಮ್ರದ ತಂತಿಯನ್ನು 31 ಮಿಲಿಮೀಟರಿಗೆ ಕತ್ತರಿಸಿ ಕನೆಕ್ಟರಿಗೆ ಬೆಸುಗೆ ಹಾಕಿ ಒಳಗೆ ನಿಲ್ಲಿಸಿದೆ. ಅಲೆಯ ಉದ್ದದ ಕಾಲು ಭಾಗ ಅದು. ಎರಡು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಸಿಗ್ನಲ್ ಕುಗ್ಗುವುದನ್ನು ಲ್ಯಾಪ್‌ಟಾಪಿನಲ್ಲಿ ಕಣ್ಣಾರೆ ಕಂಡೆ. ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ, ಕೆಳಗೆ ನೀರು ಇಳಿಯಲು ಮೊಳೆಯಷ್ಟು ತೂತು. ಇಂಥದೇ ಇನ್ನೊಂದು ಡಬ್ಬ ಆ ಕಡೆಗೆ.

ದಾರಿ ಕೊಟ್ಟದ್ದು ತೆಂಗೇ. ನೀರು ತುಂಬಿದ ಹಸಿ ಗರಿ ಈ ಅಲೆಯನ್ನು ನುಂಗುತ್ತದೆ, ಆದರೆ ಬೆಳೆದ ತೆಂಗಿನಲ್ಲಿ ಗರಿ ಇರುವುದು ನೆತ್ತಿಯಲ್ಲಿ, ಕೆಳಗೆ ಬರೀ ಕಾಂಡ. ನಮ್ಮಲ್ಲಿ ಸಾಲಿನಿಂದ ಸಾಲಿಗೆ 25 ಅಡಿ ಬಿಟ್ಟು ನೆಡುತ್ತಾರೆ. 350 ಮೀಟರ್ ಹಾದಿಯ ನಟ್ಟನಡುವೆ ಅಲೆ ಸುಮಾರು ಆರೂವರೆ ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. 25 ಅಡಿಯೆಂದರೆ ಏಳೂವರೆ ಮೀಟರಿಗೂ ತುಸು ಮೇಲೆ. ಎರಡು ಸಾಲಿನ ನಡುವೆ ಅದು ನೇರ ಕೂತಿತು! ಕಬ್ಬಿಣದ ಪೈಪಿಗೆ ಡಬ್ಬ ಕಟ್ಟಿ, ನಾನು ಈ ತಾರಸಿಯಲ್ಲಿ, ಅಕ್ಕನ ಮಗ ಆ ತಾರಸಿಯಲ್ಲಿ, ಕೂದಲೆಳೆಯಷ್ಟು ತಿರುಗಿಸುತ್ತ "ಬಂತಾ?" "ಇನ್ನೂ ಸ್ವಲ್ಪ ಮೂಡಲಿಗೆ!" ಎಂದು ಫೋನಿನಲ್ಲೇ ಕೂಗಾಡಿದೆವು. ಚಿಕ್ಕಂದಿನಲ್ಲಿ ಅಪ್ಪ ಇದೇ ತಾರಸಿಯಲ್ಲಿ ಕೊಡೈಕನಾಲ್ ದೂರದರ್ಶನಕ್ಕೆ ಆಂಟೆನಾ ತಿರುಗಿಸುತ್ತಿದ್ದಾಗ ಕೆಳಗೆ ನಿಂತು ಕೂಗುವ ಕೆಲಸ ನನ್ನದಾಗಿತ್ತು. ಸಂಜೆಯ ಹೊತ್ತಿಗೆ ಆ ಕಡೆ 20 ಎಂಬಿಪಿಎಸ್ ಬಂತು.

ಖರ್ಚು: ಕನೆಕ್ಟರ್ 180, ಜೋಡಣೆ ಕೇಬಲ್ 440, ಹಳೆಯ ರೌಟರ್ 600, ಪೈಪ್ 700, ಮೂರು ಮನೆಗಳ ನಡುವಿನ ವೈರ್ 600, ಚಿಲ್ಲರೆ ಸಾಮಾನು 150. ಒಟ್ಟು 2,670 ರೂಪಾಯಿ.

ಮೊದಲ ಮೂರು ತಿಂಗಳು 826ನ್ನು ನಾಲ್ಕು ಸಮಪಾಲು ಮಾಡಿ ಮನೆಗೆ 207ರಂತೆ ತೆಗೆದುಕೊಂಡೆ. ಸಮಪಾಲೇ ನ್ಯಾಯ ಎಂದು ನಾನೂ ನಂಬಿದ್ದೆ, ಅವರೂ ನಂಬಿದ್ದರು. ಒಂದು ಭಾನುವಾರ ಆ ಕ್ಯಾಲೆಂಡರಿನ ಲೆಕ್ಕವನ್ನು ಪೂರ್ತಿ ಬರೆದು ನೋಡಿದೆ. ಮನೆಗೆ ಇಂಟರ್ನೆಟ್ ಬಂದರೂ ಫೋನಿನ ರೀಚಾರ್ಜ್ ನಿಲ್ಲುವುದಿಲ್ಲ, ಮಾತಾಡಲು ಆಗ 129ರ ಪ್ಲಾನ್ ಬೇಕೇ ಬೇಕಿತ್ತು. ಅಂದರೆ ಒಂದು ಫೋನಿಗೆ ಉಳಿಯುತ್ತಿದ್ದದ್ದು 120 ರೂಪಾಯಿ. ಎರಡು ಫೋನಿಗೆ 13 ಸಲ ಹಿಡಿದರೆ ವರ್ಷಕ್ಕೆ 3,120. ನನಗೆ ಕೊಡುವ ಪಾಲು ವರ್ಷಕ್ಕೆ 2,484. ಅವರಿಗೆ ನಿಜವಾಗಿ ಉಳಿಯುತ್ತಿದ್ದದ್ದು 636 ರೂಪಾಯಿ. ನನಗೋ? ವರ್ಷಕ್ಕೆ 9,912 ಕಟ್ಟುತ್ತಿದ್ದವನು ಈಗ 2,460 ಕಟ್ಟಿ ಸುಮ್ಮನಿದ್ದೆ. ಏಳು ಸಾವಿರಕ್ಕೂ ಮೇಲೆ ಉಳಿತಾಯ. ನೆರೆಹೊರೆಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಲೆಕ್ಕದ ಪ್ರಕಾರ ಉಪಕಾರ ಪಡೆಯುತ್ತಿದ್ದವನು ನಾನು.

ಮೋಸ ಹೋದವರು ಮಾಸಾಣಿ ಅಮ್ಮನ ಗುಡಿಗೆ ಬಂದು ನ್ಯಾಯ ಕೊಡು ತಾಯಿ ಎಂದು ಕಲ್ಲಿನ ಮೇಲೆ ಮೆಣಸಿನಕಾಯಿ ಅರೆಯುವ ಊರು ನಮ್ಮದು. ಅಂಥ ಊರಿನಲ್ಲಿ ಗೊತ್ತಿದ್ದೂ ಹೀಗೆ ಮುಂದುವರಿಸಲು ನನಗಾಗಲಿಲ್ಲ. ಅರ್ಧ ಬಿಲ್ ನನ್ನದು, ಉಳಿದ ಅರ್ಧ ಮೂರು ಮನೆಗೆ ಎಂದು ಬದಲಿಸಿದೆ. ಮನೆಗೆ 138. ಮೂರು ತಿಂಗಳು ಹೆಚ್ಚಿಗೆ ತೆಗೆದುಕೊಂಡಿದ್ದ 69ರಂತೆ ಪ್ರತಿ ಮನೆಗೂ 207 ಹಿಂದಿರುಗಿಸಿದೆ. "ಕರೆಂಟು ನಿನ್ನದು, ಓಡಾಟ ನಿನ್ನದು, ಇದ್ಯಾಕೆ ತಮ್ಮಾ?" ಎಂದು ಅಕ್ಕ ವಾದಿಸಿದರು. ನೋಟ್‌ಬುಕ್ ತೋರಿಸಿದ ಮೇಲೆ ಒಪ್ಪಿದರು. ಡಬ್ಬದ ಖರ್ಚು ಪೂರ್ತಿ ನನ್ನದೇ ಎಂದೂ ಬರೆದೆ. ನಾಲ್ಕು ಮನೆಯಿಂದಲೂ ತಿಂಗಳಿಗೆ 20 ರೂಪಾಯಿ ದುರಸ್ತಿ ನಿಧಿಗೆ. ಅದನ್ನೂ ಕಳೆದರೆ ತೋಟದ ಪ್ರತಿ ಮನೆಗೆ ವರ್ಷಕ್ಕೆ 1,224 ರೂಪಾಯಿ ಉಳಿಯಿತು, ಡೇಟಾ ಮುಗಿಯುವ ಚಿಂತೆಯೂ ತಪ್ಪಿತು.

ಹೀಗೆ ಮಾಡಬೇಕು ಎಂದುಕೊಂಡವರಿಗೆ ಕಾನೂನಿನ ಮಾತು ಹೇಳಲೇಬೇಕು. 2.4 ಗಿಗಾಹರ್ಟ್ಸ್ ತರಂಗಕ್ಕೆ 2005ರ ನಿಯಮದ ಪ್ರಕಾರ ಪರವಾನಗಿ ಬೇಡ, ಆದರೆ ಆಂಟೆನಾ ಸೇರಿ ಹೊರಡುವ ಶಕ್ತಿ 4 ವ್ಯಾಟ್ ಮೀರಬಾರದು, ಆಂಟೆನಾ ತಾರಸಿಯಿಂದ 5 ಮೀಟರಿಗಿಂತ ಮೇಲೆ ಹೋಗಬಾರದು. ಮನೆಯ ರೌಟರ್ ಕೊಡುವುದು ಒಂದು ವ್ಯಾಟಿನ ಹತ್ತನೇ ಒಂದು ಪಾಲು, ಡಬ್ಬ ಅದನ್ನು ಒಂದೇ ದಿಕ್ಕಿಗೆ ಕೂಡಿಸಿ ಹತ್ತು ಪಟ್ಟು ಮಾಡಿದರೂ ಮಿತಿಯೊಳಗೇ. ತೊಡಕಿರುವುದು ಸಂಪರ್ಕ ಪಡೆಯುವಾಗ ನಾವು ಸಹಿ ಹಾಕಿದ ಕಾಗದದಲ್ಲಿ. ವಿಳಾಸದ ಹೊರಗೆ ಹಂಚಬಾರದು ಎಂಬ ಸಾಲು ನನ್ನ ಅರ್ಜಿಯಲ್ಲೂ ಇತ್ತು. ಓದಿದ್ದು ತಡವಾಗಿ. ಓದಿದ ದಿನವೇ ಲಿಂಕ್ ನಿಲ್ಲಿಸಿ ಕೇಬಲ್‌ನವರ ಬಳಿ ಹೋಗಿ ಎಲ್ಲ ಹೇಳಿದೆ. ಲಾಭವಿಲ್ಲದೆ, ಹೆಸರು ವಿಳಾಸ ಕೊಟ್ಟ ಮೂರೇ ಮನೆಗೆ ಎಂದು ಅವರು ಬರೆದುಕೊಟ್ಟ ಮೇಲೆಯೇ ಮತ್ತೆ ಹಚ್ಚಿದ್ದು. ಅವರು ಒಪ್ಪದಿದ್ದರೆ ಪೈಪ್ ಇಳಿಸುತ್ತಿದ್ದೆ. ಹಣ ಪಡೆದು ಹತ್ತಾರು ಜನರಿಗೆ ಕೊಡುವ ಆಸೆ ಇದ್ದವರು 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯ ದಾರಿ ಹಿಡಿಯಲಿ. ಅದರಲ್ಲಿ ಚಹಾದಂಗಡಿಯವರೂ ಪರವಾನಗಿ ಇಲ್ಲದೆ ವೈಫೈ ಮಾರಬಹುದು. ಪಾಸ್‌ವರ್ಡ್ ಇಲ್ಲದೆ ಮಾತ್ರ ಯಾರೂ ಬಿಡಬೇಡಿ. 2008ರ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಹೋದ ಬೆದರಿಕೆ ಇಮೇಲ್ ನವಿ ಮುಂಬಯಿಯ ಒಂದು ಮನೆಯ ವೈಫೈ ಮೂಲಕ ಹೋಗಿತ್ತು, ಪೊಲೀಸರು ಬಂದು ನಿಂತದ್ದು ಆ ಮನೆಯ ಬಾಗಿಲಿಗೆ.

2022ರ ಮುಂಗಾರಿನಲ್ಲಿ ಡಬ್ಬಕ್ಕೆ ತುಕ್ಕು ಹತ್ತಿತು. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ, ಬೆಸುಗೆಯ ಸಂದಿಗೆ ನೀರು ಇಳಿದಿತ್ತು. 18 ತಿಂಗಳಲ್ಲಿ ನಿಧಿಯಲ್ಲಿ 1,440 ರೂಪಾಯಿ ಕೂಡಿತ್ತು. ಅಂಗಡಿಯ ಜೋಡಿ ಉಪಕರಣ 5,800ಕ್ಕೆ ತಂದೆವು. ಮಿಕ್ಕ 4,360ನ್ನು ನಾಲ್ಕು ಮನೆಗೆ 1,090ರಂತೆ ಹಂಚಿಕೊಂಡೆವು. ಅಲೆ ಹಾಯುತ್ತದೆ ಎಂದು ಗೊತ್ತಿದ್ದುದರಿಂದ ಆ ಹಣ ಕೊಡುವಾಗ ಯಾರಿಗೂ ಅಳುಕಿರಲಿಲ್ಲ. ನನ್ನ ಪ್ರಕಾರ 2,670 ರೂಪಾಯಿಯ ಡಬ್ಬ ದುಡಿದ ನಿಜವಾದ ದುಡಿಮೆ ಅದು.

ಹೋದ ವರ್ಷ ಫೈಬರ್ ಕಂಬ ತೋಟದ ತನಕ ಬಂತು. ಸೀರೆ ವ್ಯಾಪಾರ ಬೆಳೆದಿದ್ದರಿಂದ ಅಕ್ಕ ಸ್ವಂತ ಸಂಪರ್ಕ ತೆಗೆದುಕೊಂಡರು. ನಿಧಿಯಲ್ಲಿದ್ದ ಅವರ ಪಾಲನ್ನು ಎಣಿಸಿ ಕೊಟ್ಟೆ. ಉಳಿದ ಎರಡು ಮನೆಯ 138 ಹಾಗೇ ಇದೆ. ನನ್ನ ಪಾಲು 412 ಇದ್ದದ್ದು 550 ಆಯಿತು.