ತಾಳದ ವಯಸ್ಸು

ಭಜನೆಯಲ್ಲಿ ತಾಳದ ನಾದವನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆ ತಾಳ ಎಲ್ಲಿಯದು, ಎಷ್ಟು ಹಳೆಯದು ಎಂದು ವಿಚಾರಿಸುವವರು ಅದಕ್ಕಿಂತಲೂ ವಿರಳ. ಅಂಚು ಸೀಳಿದ ತಾಳವು ತೂಕದ ಬೆಲೆಗೆ ಗುಜರಿಯನ್ನು ಸೇರುತ್ತದೆ. ಕುಲುಮೆಯಲ್ಲಿ ಲೋಹದೊಡನೆ ಊರಿನ ಚರಿತ್ರೆಯ ಒಂದು ಸಾಕ್ಷ್ಯವೂ ಕರಗಿಹೋಗುತ್ತದೆ. ಆ ಸಾಕ್ಷ್ಯವನ್ನು ಓದುವ ಬಗೆ ಹೇಗೆ?

ಮೊದಲು ಲೋಹವನ್ನು ಪರೀಕ್ಷಿಸಬೇಕು. ತಾಮ್ರಕ್ಕೆ ತವರವನ್ನು ಬೆರೆಸಿದರೆ ಕಂಚು; ಸತುವನ್ನು ಬೆರೆಸಿದರೆ ಹಿತ್ತಾಳೆ. ನಾದಕ್ಕೆ ಹೆಸರಾದ ಕಂಚಿನಲ್ಲಿ ನೂರಕ್ಕೆ ಸುಮಾರು 20 ಭಾಗ ತವರವಿರುತ್ತದೆ. ಇಂತಹ ಕಂಚು ಗಡಸು. ಆದುದರಿಂದಲೇ ಬಿದ್ದರೆ ಬಿರಿಯುತ್ತದೆ. ಬಳಿಕ ಸುತ್ತಿಗೆಯ ಪೆಟ್ಟಿನ ಗುರುತುಗಳನ್ನೂ, ದಾರ ಉಜ್ಜಿ ಸವೆದ ನಡುರಂಧ್ರವನ್ನೂ ನೋಡಬೇಕು. ಬಹುಕಾಲದ ಬಳಕೆಗೆ ಈ ಸವೆತವೇ ಸಾಕ್ಷಿ. ಹಸಿರು ಕಿಲುಬನ್ನು ಮಾತ್ರ ನಂಬಲಾಗದು. ತೇವದಲ್ಲಿಟ್ಟ ಹೊಸ ತಾಳಕ್ಕೂ ಅದು ಹಿಡಿಯುತ್ತದೆ.

ಆಕಾರವು ತಾಳದ ಸಂಪ್ರದಾಯವನ್ನು ತಿಳಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಲಾಸಾ ನಗರದ ಸಮೀಪದಲ್ಲಿ 15ನೆಯ ಶತಮಾನದಲ್ಲಿ ಸ್ಥಾಪಿತವಾದ ಗಾಂದೆನ್ ಮತ್ತು ಡ್ರೆಪುಂಗ್ ವಿಹಾರಗಳು ಇಲ್ಲಿ ಮರುಹುಟ್ಟು ಪಡೆದಿವೆ. ಟಿಬೆಟನ್ನರ ಪೂಜಾವಿಧಿಗಳಲ್ಲಿ ಎರಡು ಬಗೆಯ ದೊಡ್ಡ ತಾಳಗಳುಂಟು. ನಡುವೆ ದೊಡ್ಡ ಗುಬ್ಬೆಯುಳ್ಳದ್ದು ರೋಲ್ಮೊ. ಗುಬ್ಬೆ ಕಿರಿದಾಗಿ ಅಂಚು ಅಗಲವಾಗಿರುವುದು ಸಿಲ್ನ್ಯೆನ್. ಮೊದಲನೆಯದು ಉಗ್ರದೇವತೆಗಳ ಆರಾಧನೆಗೆ, ಎರಡನೆಯದು ಶಾಂತದೇವತೆಗಳ ಆರಾಧನೆಗೆ ಬಳಕೆಯಾಗುತ್ತದೆ. ಆದರೆ ಪುರಾತನ ಆಕಾರದಲ್ಲಿ ನಿನ್ನೆ ಮಾಡಿದ ತಾಳವೂ ಇರಬಹುದು. ಆಕಾರವು ಕುಲವನ್ನು ಹೇಳುತ್ತದೆಯೇ ಹೊರತು ವಯಸ್ಸನ್ನಲ್ಲ.

ಅಕ್ಷರವಿದ್ದರೆ ಕೆಲಸ ಸುಲಭವೆಂದು ತೋರುತ್ತದೆ. ಟರ್ಕಿಯ ಪ್ರಸಿದ್ಧ ಕೆ. ಜಿಲ್ಜಿಯನ್ ತಾಳಗಳಲ್ಲಿ ಹಳೆಯವುಗಳ ಮುದ್ರೆ 'ಕಾನ್‌ಸ್ಟಾಂಟಿನೋಪಲ್' ಎಂದೂ, ಅನಂತರದವುಗಳದು 'ಇಸ್ತಾಂಬುಲ್' ಎಂದೂ ಇದೆ. 1930ರಲ್ಲಿ ಆ ನಗರಕ್ಕೆ ಇಸ್ತಾಂಬುಲ್ ಎಂಬ ಹೆಸರೇ ಅಧಿಕೃತವಾಗಿ ಬಳಕೆಗೆ ಬಂದಿತು. ಆದರೆ ಇಂದು ಅಮೆರಿಕದಲ್ಲಿ ತಯಾರಾಗುವ ಹೊಸ ತಾಳಗಳೂ 'ಕಾನ್‌ಸ್ಟಾಂಟಿನೋಪಲ್' ಎಂಬ ಹೆಸರನ್ನು ಹೊತ್ತು ಬರುತ್ತಿವೆ! ಹೆಸರನ್ನು ಮಾತ್ರ ನೋಡಿದವನು ಮೋಸಹೋಗುವುದು ನಿಶ್ಚಯ.

ನಮ್ಮ ಗುಡಿಯ ತಾಳ, ಜಾಗಟೆಗಳ ಮೇಲೆ ಬರಹವಿದ್ದರೂ ಇದೇ ಎಚ್ಚರಿಕೆ ಬೇಕು. ಶಾಲಿವಾಹನ ಶಕ 1800 ಎಂದಿದ್ದರೆ 78ನ್ನು ಕೂಡಿಸಿ ಕ್ರಿ.ಶ. 1878 ಎಂದು ಸ್ಥೂಲವಾಗಿ ಹೇಳಬಹುದು. ಬರಿಯ ಸಂವತ್ಸರದ ಹೆಸರಿದ್ದರೆ ಸಾಲದು. ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಅಲ್ಲದೆ, ಬರೆದ ವರ್ಷವು ದಾನದ ವರ್ಷವಾಗಿರಬಹುದು. ತಾಳವು ಅದಕ್ಕಿಂತ ಹಳೆಯದಾಗಿರಬಹುದು.

ನ್ಯಾಯಾಲಯದಲ್ಲಿ ಒಬ್ಬನ ಮಾತಿನಿಂದಲೇ ತೀರ್ಪು ಕೊಡಲು ಹಿಂಜರಿಯುವಂತೆ ಇಲ್ಲಿಯೂ ಆತುರ ಸಲ್ಲದು. ಲೋಹ, ಕೆಲಸಗಾರಿಕೆ, ಸವೆತ, ಬರಹ, ಹಿರಿಯರ ನೆನಪು ಇವೆಲ್ಲ ಒಂದೇ ಮಾತನ್ನು ನುಡಿದಾಗ ಮಾತ್ರ ನಿರ್ಣಯಕ್ಕೆ ಬಲ ಬರುತ್ತದೆ. ಹಳೆಯ ತಾಳ ದೊರೆತಾಗ ಹುಣಿಸೆಹಣ್ಣು ಹಚ್ಚಿ ತಿಕ್ಕುವುದಕ್ಕೆ ಮೊದಲು ಅದರ ಅಳತೆ, ತೂಕ, ಗುರುತುಗಳನ್ನು ಬರೆದಿಡಬೇಕು. ಹೊಳಪನ್ನು ನಾಳೆಯೂ ತರಬಹುದು. ಅಳಿಸಿಹೋದ ಅಕ್ಷರವನ್ನು ಮರಳಿ ತರಲಾಗದು.