ಇಟ್ಟಿಗೆಯ ಮೇಲೆ ಯಾರ ಹೆಸರು?

ವಾಕ್ಯಭಾಗ: ಆದಿಕಾಂಡ 11:1-9; 11:31-12:3

ಬಾಬೆಲಿನ ಗೋಪುರದ ಕಥೆ ಸಂಡೇ ಸ್ಕೂಲಿನಿಂದ ನಮಗೆಲ್ಲ ಗೊತ್ತು. ಅಂಥ ಗೋಪುರ ಹೇಗಿತ್ತು, ಪಟ್ಟಣದ ಜನರಿಗೆ ಅದು ಏನಾಗಿತ್ತು ಅಂತ ಇವತ್ತು ನೋಡೋಣ.

ಶಿನಾರ್ ಅಂದ್ರೆ ಇಂದಿನ ಇರಾಕಿನ ದಕ್ಷಿಣದ ಬಯಲು. ಅಲ್ಲಿನ ದೊಡ್ಡ ಪಟ್ಟಣಗಳಲ್ಲಿ ಹಂತ ಹಂತವಾಗಿ ಏರುವ ದೇಗುಲ ಗೋಪುರಗಳಿದ್ದವು. ಅವುಗಳಿಗೆ ಜಿಗ್ಗುರಾತ್ ಅಂತಾರೆ. ಬಾಬೆಲಿನದೂ ಇದೇ ಬಗೆಯದು ಅಂತ ಅನೇಕ ಪಂಡಿತರ ಅಭಿಪ್ರಾಯ. ಚೆನ್ನಾಗಿ ಉಳಿದಿರುವುದು ಊರ್ ಎಂಬ ಪಟ್ಟಣದ ಗೋಪುರ. ಕ್ರಿಸ್ತಪೂರ್ವ ಸುಮಾರು 2100ರಲ್ಲಿ ಊರ್-ನಮ್ಮು ಎಂಬ ರಾಜ ಚಂದ್ರದೇವತೆಗಾಗಿ ಕಟ್ಟಿಸಿದ್ದು. ತಳ ಸುಮಾರು 64 ಮೀಟರ್ ಉದ್ದ, 45 ಮೀಟರ್ ಅಗಲ. ಒಳಗೆ ಹಸಿ ಇಟ್ಟಿಗೆ, ಹೊರಗೆ ಕಲ್ಲರಗಿನಿಂದ ಕೂಡಿಸಿದ ಸುಟ್ಟ ಇಟ್ಟಿಗೆ. ಆ ಬಯಲಲ್ಲಿ ಕಲ್ಲು ಸಿಗೋದೇ ಕಷ್ಟ. ಆದಿಕಾಂಡ 11:3 ಓದಿ, ಇದೇ ವಿವರ ಅಲ್ಲಿದೆ.

ಗೋಪುರದ ಸುತ್ತ ಬರೀ ಪೂಜೆ ನಡೀತಿರಲಿಲ್ಲ. ದೇಗುಲಕ್ಕೆ ಹೊಲಗಳಿದ್ದವು, ಕುರಿಮಂದೆಗಳಿದ್ದವು, ಉಗ್ರಾಣ ಇತ್ತು, ಲೆಕ್ಕ ಬರೆಯೋರು ಇದ್ದರು. ಕೂಲಿಯನ್ನ ಜವೆಗೋಧಿಯಲ್ಲಿ ಅಳೆದು ಕೊಡ್ತಿದ್ರು. ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ ಸುಮಾರು 60 ಲೀಟರ್, ಹೆಂಗಸರಿಗೆ ಹೆಚ್ಚುಕಡಿಮೆ ಅದರ ಅರ್ಧ. ಆ ಕಾಲದ ಮಣ್ಣಿನ ಹಲಗೆಗಳಲ್ಲಿ ಈ ಲೆಕ್ಕ ಇವತ್ತಿಗೂ ಓದಬಹುದು.

ಈಗ ಗಮನಿಸಿ. ಕೆಲಸದವರ ಹೆಸರು ಕೂಲಿಯ ಪಟ್ಟಿಯಲ್ಲಿತ್ತು. ಇಟ್ಟಿಗೆಯ ಮೇಲೆ ಒತ್ತಿದ ಅಚ್ಚಿನಲ್ಲಿ ರಾಜನ ಹೆಸರಿತ್ತು! ಸುಮಾರು 1,500 ವರ್ಷವಾದ ಮೇಲೆ ಬಾಬೆಲಿನ ರಾಜ ನಬೊನೈಡಸ್, ದಾನಿಯೇಲನ ಪುಸ್ತಕದಲ್ಲಿ ಬರುವ ಬೇಲ್ಶಚ್ಚರನ ತಂದೆ, ಹಾಳಾಗಿದ್ದ ಆ ಗೋಪುರವನ್ನ ರಿಪೇರಿ ಮಾಡಿಸಿ, ತನ್ನ ಹೆಸರಿನ ಶಾಸನವನ್ನ ಅದರ ಮೂಲೆಗಳಲ್ಲಿ ಇಡಿಸಿದ. ಕ್ರಿಸ್ತಪೂರ್ವ 539ರಲ್ಲಿ ಅವನ ರಾಜ್ಯವೇ ಹೋಯ್ತು.

ಬಾಬೆಲಿನವರಿಗೂ ಬೇಕಾಗಿದ್ದು ಹೆಸರೇ (11:4). ಆದರೆ ಆ ಒಂಬತ್ತು ವಚನಗಳಲ್ಲಿ ಕಟ್ಟಿದವರ ಒಂದು ಹೆಸರಾದರೂ ಇದೆಯಾ? ಒಂದೂ ಇಲ್ಲ. ಮುಂದಿನ ಅಧ್ಯಾಯಕ್ಕೆ ಬನ್ನಿ. ಊರ್ ಪಟ್ಟಣದಿಂದ ಹೊರಟು ಬಂದವನೊಬ್ಬನಿಗೆ ದೇವರು ತಾನೇ ಹೆಸರು ಕೊಡ್ತೀನಿ ಅಂತ ಮಾತು ಕೊಡ್ತಾನೆ (12:2). ಅಬ್ರಹಾಮ ಗುಡಾರದಲ್ಲಿ ಬದುಕಿದ, ಗೋಪುರ ಕಟ್ಟಲಿಲ್ಲ. ಅವನ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಹಲ್ಲೆಲೂಯಾ!

ಕಟ್ಟೋದು, ದುಡಿಯೋದು ಪಾಪ ಅಂತ ನಾನು ಹೇಳ್ತಿಲ್ಲ. ಚೆನ್ನಾಗಿ ದುಡಿಯಿರಿ. ಆದರೆ ನಮ್ಮ ಮಧ್ಯ ಕೆಲಸ ಕಳಕೊಂಡವರಿದ್ದಾರೆ. ಐಡಿ ಕಾರ್ಡ್ ವಾಪಸ್ ಕೊಟ್ಟ ದಿನ "ಇನ್ನು ನಾನು ಯಾರು?" ಅಂತ ಅತ್ತವರಿದ್ದಾರೆ. ತಮ್ಮಾ, ತಂಗೀ, ಕಂಪನಿಯ ಪಟ್ಟಿಯಿಂದ ನಿನ್ನ ಹೆಸರು ತೆಗೀಬಹುದು. ಕರೆದ ದೇವರು ನಿನ್ನ ಹೆಸರು ಮರೆಯೋದಿಲ್ಲ.

ಈ ವಾರ ಎರಡೂ ಅಧ್ಯಾಯ ಒಟ್ಟಿಗೆ ಓದಿ. ನಾನು ಕಟ್ಟುತ್ತಿರುವ ಇಟ್ಟಿಗೆಯ ಮೇಲೆ ಯಾರ ಅಚ್ಚಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಕೆಲಸ ಹೋದ ಒಬ್ಬರಿಗಾದರೂ ಫೋನ್ ಮಾಡಿ, ಹೆಸರು ಹಿಡಿದು ಅವರಿಗಾಗಿ ಪ್ರಾರ್ಥಿಸಿ. ಆಮೆನ್.