ಸ್ಟಿಯರಿಂಗ್ ನಡುಗಿದರೆ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ವಯಸ್ಸಾದ, ನೆಲಕ್ಕೆ ಹತ್ತಿರವಿರುವ, ತೆಳು ಟೈರಿನ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ. ಪೋರ್ಶೆ 911, ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಇ46 ಎಂ3, ನಿಸಾನ್ 350ಝಡ್ ಇದ್ದವರು ಎರಡು ಸಲ ಓದಿ.

ಅಪಾಯ: ನಡುಕ ಟೈರಿನ ತೂಕದ ವ್ಯತ್ಯಾಸದ್ದಾಗಿದ್ದರೆ ಕೈ ಜುಮುಗುಟ್ಟುತ್ತದೆ, ಅಷ್ಟೆ. ಸವೆದ ಬಾಲ್ ಜಾಯಿಂಟಿನದಾಗಿದ್ದರೆ (ಚಕ್ರವನ್ನು ಹಿಡಿದಿಡುವ ಕೀಲು) ಒಂದು ದಿನ ಜಾಯಿಂಟ್ ಕಳಚುತ್ತದೆ, ಚಕ್ರ ಅಡ್ಡ ಮಲಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ಶುರುವಿನಲ್ಲಿ ಈ ಎರಡು ನಡುಕಗಳೂ ಕೈಗೆ ಒಂದೇ ಥರ ತಿಳಿಯುತ್ತವೆ. ಆದ್ದರಿಂದ ಕೆಳಗಿನ ಕ್ರಮ ತಪ್ಪಿಸದೆ ನಡೆಯಿರಿ.

ಮಾಡಬೇಕಾದ್ದು

ರಸ್ತೆಯಲ್ಲಿ, ಆ ಕ್ಷಣಕ್ಕೆ

– ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.
– ಎರಡೂ ಕೈ ಸ್ಟಿಯರಿಂಗ್ ಮೇಲಿಡಿ.
– ಹಜಾರ್ಡ್ ದೀಪ ಹಾಕಿ, ಎಡಕ್ಕೆ ಬಂದು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ.
– ಜೊತೆಯಲ್ಲಿದ್ದವರನ್ನು ರಸ್ತೆಯಿಂದ ದೂರ ಕಳಿಸಿ.
– ನಾಲ್ಕೂ ಟೈರಿನ ಹೊರಪಕ್ಕ ನೋಡಿ. ಒಳಪಕ್ಕಕ್ಕೆ ಮೊಬೈಲ್ ಟಾರ್ಚ್ ಹಿಡಿಯಿರಿ.
– ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ ಫ್ಲ್ಯಾಟ್‌ಬೆಡ್ ಗಾಡಿ ಕರೆಸಿ. ಹೊಂಡದ ಏಟಿಗೆ ಒಳಗಿನ ನೂಲು ಕಡಿದಿದೆ ಎಂದೇ ಅರ್ಥ. ಯಾವಾಗ ಒಡೆಯುತ್ತದೆಂದು ಹೇಳಿ ಬರುವುದಿಲ್ಲ.
– ಚಕ್ರದ ಬೋಲ್ಟುಗಳನ್ನು ಸ್ಪ್ಯಾನರ್ ಹಾಕಿ ನೋಡಿ. ನಡುಕ ಶುರುವಾದದ್ದು ಪಂಕ್ಚರ್ ಹಾಕಿಸಿದ ಅಥವಾ ಬ್ಯಾಲೆನ್ಸಿಂಗ್ ಮಾಡಿಸಿದ ಮರುದಿನವಾದರೆ, ಮೊದಲು ಇದನ್ನೇ ನೋಡಿ.
– ಮುಂದಿನ ಎರಡು ಚಕ್ರಗಳ ನಿಲುವು ಎದುರಿನಿಂದ ಹೋಲಿಸಿ. ಒಂದು ಒಳಕ್ಕೋ ಹೊರಕ್ಕೋ ವಾಲಿದ್ದರೆ ಕಾರು ಅಲ್ಲಿಂದ ಕದಲಬಾರದು; ಎತ್ತಿಸಿಕೊಂಡೇ ಹೋಗಿ.

ನಡುಕದ ಗುರುತು ಹಿಡಿಯಿರಿ

ಮೇಲಿನದರಲ್ಲಿ ಏನೂ ಕಾಣದಿದ್ದರೆ ಮಾತ್ರ ಮುಂದುವರಿಯಿರಿ. ಮೆಕ್ಯಾನಿಕ್‌ಗೆ "ಗಾಡಿ ಶೇಕ್ ಆಗ್ತಿದೆ" ಎಂದಷ್ಟೇ ಹೇಳಿದರೆ ಆತ ಬ್ಯಾಲೆನ್ಸಿಂಗ್ ಮಾಡಿ ಕಳಿಸುತ್ತಾನೆ. ತಪ್ಪು ಆತನದಲ್ಲ.

– ಖಾಲಿ, ನೇರ, ನಯವಾದ ರಸ್ತೆ ಆರಿಸಿ. ವೇಗದ ಮಿತಿಯೊಳಗೇ ಓಡಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ 100 ಕಿ.ಮೀ. ಮಿತಿ ಈ ಪರೀಕ್ಷೆಗೆ ಸಾಕು.
– ಪಕ್ಕದಲ್ಲಿ ಕೂತವರ ಕೈಗೆ ಕಾಗದ, ಪೆನ್ನು ಕೊಡಿ. ನೀವು ಹೇಳಿ, ಅವರು ಬರೆಯಲಿ.
– ಎಷ್ಟು ವೇಗಕ್ಕೆ ಶುರು, ಎಷ್ಟಕ್ಕೆ ಜೋರು, ಎಷ್ಟಕ್ಕೆ ಮಾಯ: ಮೂರೂ ಬರೆಸಿ; ಮಿತಿಯೊಳಗೆ ಮಾಯವಾಗದಿದ್ದರೆ ಹಾಗೆಂದೇ ಬರೆಸಿ. 80ರಿಂದ 110ರ ನಡುವೆ ಬಂದು ಆಮೇಲೆ ತಗ್ಗುವುದು ಸಾಮಾನ್ಯವಾಗಿ ಟೈರು, ರಿಮ್ಮಿನದು.
– ಕೈಯಲ್ಲಿ ನಡುಕವೋ ಸೀಟಿನಲ್ಲೋ ಗಮನಿಸಿ. ಕೈಯಲ್ಲಾದರೆ ಮುಂದಿನ ಚಕ್ರ, ಸೀಟಿನಲ್ಲಾದರೆ ಹಿಂದಿನದನ್ನು ಮೊದಲು ಹಿಡಿಯಿರಿ.
– 90ರಿಂದ ಮೆಲ್ಲಗೆ ಬ್ರೇಕ್ ಹಾಕಿ. ಆಗ ಮಾತ್ರ ನಡುಗಿದರೆ ಡಿಸ್ಕ್ ಮತ್ತು ಲೋವರ್ ಆರ್ಮ್ ಬುಷ್ ಎರಡನ್ನೂ ಅನುಮಾನಿಸಿ.
– ದೊಡ್ಡ ತಿರುವಿನಲ್ಲಿ ಗುಂಯ್‌ಗುಡುವ ಸದ್ದು ಏರುತ್ತದೆಯೋ ಕೇಳಿ. ಬಲಕ್ಕೆ ತಿರುಗಿದಾಗ ಏರಿದರೆ ಭಾರ ಬೀಳುವುದು ಎಡ ಬೇರಿಂಗ್ ಮೇಲೆ, ಎಡಕ್ಕಾದರೆ ಬಲದ್ದು.
– ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಓಡುತ್ತಲೇ ಇರಲಿ. ನಡುಕ ಉಳಿದರೆ ಮೊದಲು ಚಕ್ರದ ಕಡೆ ಹೋಗಿ. ನಿಂತರೆ ಇಂಜಿನ್ ಮೌಂಟ್, ಪ್ರೊಪೆಲ್ಲರ್ ಶಾಫ್ಟ್, ಡ್ರೈವ್ ಶಾಫ್ಟ್ ಕಡೆ.
– ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರನ್ನು 15–20 ಕಿ.ಮೀ. ಓಡಿಸಿ ಟೈರು ಬಿಸಿಯಾದ ಮೇಲೆ ತೀರ್ಮಾನಿಸಿ. ನಿಂತಲ್ಲೇ ಚಪ್ಪಟೆಯಾದ ಟೈರು ಬಿಸಿಗೆ ಮತ್ತೆ ದುಂಡಗಾಗುವುದುಂಟು.

ಟೈರು, ರಿಮ್

– ರಿಮ್ಮಿನ ಒಳಗಡೆ ತೊಳೆಯಿರಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿದು ಬಂದ ಕಾರಿನ ರಿಮ್ಮಿನಲ್ಲಿ ಅಂಟಿ ಒಣಗಿದ ಕೆಂಪು ಮಣ್ಣು ಒಂದೇ ಸಾಕು, ಸ್ಟಿಯರಿಂಗ್ ಕುಣಿಯುತ್ತದೆ. ಸಾವಿರಾರು ರೂಪಾಯಿಯ ಬುಷ್ ಬದಲಿಸಿದ ಮೇಲೆ ಈ ಮಣ್ಣು ಕಣ್ಣಿಗೆ ಬಿದ್ದವರಿದ್ದಾರೆ.
– ಗಾಳಿ ಟೈರು ತಣ್ಣಗಿರುವಾಗ ನೋಡಿ.
– ಟೈರಿನ ಪಕ್ಕದ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಎಷ್ಟೇ ಆಳ ಉಳಿದಿರಲಿ, ಆರು ವರ್ಷ ದಾಟಿದ ಟೈರನ್ನು ಬಲ್ಲವರಿಗೆ ತೋರಿಸಿ.
– ಟೈರಿನ ಮೇಲ್ಮೈಗೆ ಅಂಗೈ ನಿಧಾನ ಸವರಿ. ತಂತಿ ಎದ್ದಿದ್ದರೆ ಕೈ ಸೀಳುತ್ತದೆ. ಗರಗಸದ ಹಲ್ಲಿನಂತೆ, ಅಲ್ಲಲ್ಲಿ ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿ.
– ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಚಕ್ರ ತಿರುಗುವಾಗ ಎದುರು ನಿಂತು ರಿಮ್ಮಿನ ಅಂಚು ನೋಡಿ. ಯಂತ್ರ ಸೊನ್ನೆ ತೋರಿಸಿದರೂ ಸೊಟ್ಟ ರಿಮ್ ಸೊಟ್ಟವೇ.
– ರಿಮ್ ಹೊರಗಿನಿಂದ ತಂದದ್ದಾದರೆ ನಡುತೂತಿನ ಅಳತೆ ನೋಡಿ. 996 ಪೀಳಿಗೆಯ 911, 986 ಬಾಕ್ಸ್‌ಸ್ಟರ್‌ಗೆ 71.6 ಮಿ.ಮೀ.; ಇ46ಕ್ಕೆ 72.6; 350ಝಡ್‌ಗೆ 66.1. ತೂತು ದೊಡ್ಡದಾಗಿದ್ದರೆ ಸರಿಯಾದ ರಿಂಗ್ ಹಾಕಿಸಿ.
– ಬೋಲ್ಟಿನ ತಲೆಯಡಿ ನೋಡಿ. ಪೋರ್ಶೆಯ ಮೂಲ ರಿಮ್ಮಿಗೆ ಬೇಕಾದ್ದು ಗುಂಡು ತಳದ ಬೋಲ್ಟ್. ಹೊರಗಿನ ಬಹುಪಾಲು ರಿಮ್ಮಿಗೆ ಶಂಕುವಿನಾಕಾರದ್ದು. ಅದಲುಬದಲಾದರೆ ಎಷ್ಟು ಬಿಗಿದರೂ ಸಡಿಲಾಗುತ್ತದೆ.

ಹಬ್, ಡಿಸ್ಕ್

– ಚಕ್ರ ಬಿಚ್ಚಿ ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಪೂರ್ತಿ ಕೆರೆಯಿರಿ.
– ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಸುತ್ತಲೂ ಏಳೆಂಟು ಕಡೆ ಅಳೆಯಿರಿ.
– ಡಿಸ್ಕಿನ ಮೇಲೆ ಅಚ್ಚಾದ ಕನಿಷ್ಠ ದಪ್ಪಕ್ಕಿಂತ ಕಡಿಮೆ ಇದ್ದರೆ ಜೋಡಿಯಾಗಿ ಬದಲಿಸಿ.
– ಹಬ್ಬಿನ ಓಲಾಟವನ್ನು ಡಯಲ್ ಗೇಜ್‌ನಲ್ಲಿ ನೋಡಿಸಿ. ಹಬ್ ಓಲಾಡುತ್ತಿದ್ದರೆ ಹೊಸ ಡಿಸ್ಕೂ ಕೆಲವೇ ಸಾವಿರ ಕಿ.ಮೀ.ಯಲ್ಲಿ ನಡುಗತೊಡಗುತ್ತದೆ.

ಕಾರಿನ ಕೆಳಗೆ

ಪತ್ತೆಯಾಗುವುದು ಹೆಚ್ಚಾಗಿ ಇಲ್ಲೇ. ಇಲ್ಲೇ ಹೆಚ್ಚು ಜನ ಅವಸರ ಮಾಡುವುದೂ. ಒಬ್ಬರೇ ಮಾಡುವ ಕೆಲಸವಲ್ಲ, ಇನ್ನೊಬ್ಬರು ಬೇಕು.

– ಕಾರನ್ನು ಕಂಪನಿ ಗುರುತಿಸಿದ ಜಾಗಗಳಲ್ಲೇ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ.
– ಸ್ಟ್ಯಾಂಡಿನ ಮೇಲೆ ಕೂತ ಕಾರನ್ನು ಒಮ್ಮೆ ಜೋರಾಗಿ ಅಲುಗಿಸಿ ನೋಡಿ, ಆಮೇಲೆ ಕೆಳಗೆ ಹೋಗಿ.
– ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿ. ಪ್ಲೇ (ಸಡಿಲಾಟ) ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕಿನ ಒಳಜಾಯಿಂಟ್.
– 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಪ್ಲೇ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್.
– ಎರಡರಲ್ಲಿ ಯಾವುದೆಂದು ತಿಳಿಯಲು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಪ್ಲೇ ಮಾಯವಾದರೆ ಬೇರಿಂಗ್. ಉಳಿದರೆ ಬಾಲ್ ಜಾಯಿಂಟ್.
– ಸ್ಪ್ರಿಂಗ್ ಲೋವರ್ ಆರ್ಮಿನ ಮೇಲೆ ಭಾರ ಬಿಡುವ ಕಾರಿನಲ್ಲಿ ಜಾಕನ್ನು ಆರ್ಮಿಗೆ ಕೊಟ್ಟು ಪರೀಕ್ಷಿಸಿ. ಚಕ್ರ ಸುಮ್ಮನೆ ಜೋತುಬಿದ್ದಿದ್ದರೆ ಸ್ಪ್ರಿಂಗಿನ ಒತ್ತಡವೇ ಪ್ಲೇಯನ್ನು ಮುಚ್ಚಿಡುತ್ತದೆ.
– ಕಾರನ್ನು ನಾಲ್ಕು ಕಂಬದ ರ‍್ಯಾಂಪಿಗೆ ಹತ್ತಿಸಿ, ಚಕ್ರಗಳ ಮೇಲೆ ಭಾರವಿರುವಾಗಲೇ ಸ್ಟಿಯರಿಂಗನ್ನು ಚೂರು ಎಡ, ಚೂರು ಬಲ ಬೇಗ ಬೇಗ ಆಡಿಸಲು ಹೇಳಿ. ನೀವು ಒಂದೊಂದೇ ಜಾಯಿಂಟಿಗೆ ಬೆರಳು ತಾಗಿಸಿ. ಕಣ್ಣಿಗೆ ಕಾಣದ ಟಕ್ ಬೆರಳಿಗೆ ತಿಳಿಯುತ್ತದೆ.
– ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆಯೋ ನೋಡಿ. ಹರಿದಿದ್ದರೆ, ಇವತ್ತು ಪ್ಲೇ ಇಲ್ಲದಿದ್ದರೂ ಬದಲಿಸಿ. ನೀರು, ಮಣ್ಣು ಆಗಲೇ ಒಳಗೆ ಹೋಗಿವೆ.
– ಬುಷ್‌ಗೆ ಪ್ರೈ ಬಾರ್ ಕೊಟ್ಟು ಮೀಟಿ. ರಬ್ಬರ್ ಲೋಹದಿಂದ ಬಿಟ್ಟು ಬಾಯ್ದೆರೆದರೆ ಅದರ ಕತೆ ಮುಗಿಯಿತು.
– 350ಝಡ್‌ನಲ್ಲಿ ಮುಂದಿನ ಕಂಪ್ರೆಷನ್ ರಾಡ್ ಬುಷ್ ಸುತ್ತ ಕಪ್ಪು ದ್ರವ ಸಿಡಿದಿದೆಯೋ ನೋಡಿ. ಆ ಬುಷ್ ಒಳಗೆ ದ್ರವ ತುಂಬಿರುತ್ತದೆ. ಸೋರಿದ ಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕಿನ ಮೇಲೆ ತಪ್ಪು ಹೊರಿಸಿ ಎರಡೆರಡು ಜೊತೆ ಬದಲಿಸಿದವರು ಈ ಕಾರಿನವರಲ್ಲಿ ಇದ್ದಾರೆ.
– ಇ46ರಲ್ಲಿ ಲೋವರ್ ಆರ್ಮಿನ ಹಿಂದಿನ ಬುಷ್ ಮೊದಲು ನೋಡಿ. ಅದರ ಲಕ್ಷಣವೂ ಬ್ರೇಕ್ ಹಾಕಿದಾಗಿನ ನಡುಕವೇ.
– ಇ46ರ ಹಿಂಬದಿ ತೇಲಿದಂತಾದರೆ ಟ್ರೇಲಿಂಗ್ ಆರ್ಮ್ ಬುಷ್ ನೋಡಿ. ಹಾಗೆಯೇ ಹಿಂದಿನ ಸಬ್‌ಫ್ರೇಮ್ ಕೂರುವ ತಗಡಿನಲ್ಲಿ ಬಿರುಕು ಹುಡುಕಿ. ಈ ಮಾದರಿಯ ಹೆಸರಾಂತ ಕಾಯಿಲೆ ಅದು.
– ಬಾಕ್ಸ್‌ಸ್ಟರ್, 996ರಲ್ಲಿ ಹಂಪ್ ಮೇಲೆ ನಿಧಾನ ಹೋಗುವಾಗ ಮುಂದಿನಿಂದ ಕಟಕಟ ಬಂದರೆ ಲೋವರ್ ಆರ್ಮ್ ನೋಡಿ.
– ನಿಂತಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿ. ಸ್ಪ್ರಿಂಗ್ ಎಗರಿದ ಟಂಗ್ ಸದ್ದು ಬಂದರೆ ಸ್ಟ್ರಟ್ಟಿನ ಮೇಲಿನ ಮೌಂಟ್ ಹಿಡಿದುಕೊಂಡಿದೆ.
– ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದಿದ್ದರೆ ಅದೇ ಆಕ್ಸಲ್‌ನ ಎರಡನ್ನೂ ಬದಲಿಸಿ.

ಬದಲಿಸುವಾಗ

– ಹೊಸ ನೈಲಾಕ್ ನಟ್ ತರಿಸಿ.
– ರಬ್ಬರ್ ಬುಷ್‌ನ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲಿರುವ ಎತ್ತರದಲ್ಲೇ ಕೊನೆಯ ಸಲ ಬಿಗಿಯಿರಿ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬೇಗ ಹರಿಯುತ್ತದೆ.
– ಚಕ್ರದ ಬೋಲ್ಟ್ ಅಥವಾ ನಟ್ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ: 986, 996ಕ್ಕೆ 130 ನ್ಯೂಟನ್ ಮೀಟರ್, ಇ46ಕ್ಕೆ 120, 350ಝಡ್‌ಗೆ 108. ಬೇರೆ ಕಾರಿಗೆ ಅದರ ಕೈಪಿಡಿ ನೋಡಿ.
– ಆರ್ಮ್, ಟೈ ರಾಡ್ ಮುಟ್ಟಿದ ದಿನವೇ ಅಲೈನ್‌ಮೆಂಟ್ ಮಾಡಿಸಿ.
– 100 ಕಿ.ಮೀ. ಒಳಗೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ.

ಮಾಡಬಾರದ್ದು

– "ಮನೆ ಇಲ್ಲೇ ಇದೆ" ಎಂದು ಉಬ್ಬಿದ ಟೈರಿನಲ್ಲಿ ಓಡಿಸುವುದು ಬೇಡ.
– ನಡುಕ ತಪ್ಪುವ ವೇಗ ಹುಡುಕಿ ಅದರಲ್ಲೇ ಊರು ಮುಟ್ಟುವುದು ಬೇಡ.
– ಪರೀಕ್ಷೆಯ ಹೆಸರಿನಲ್ಲಿ ಸ್ಟಿಯರಿಂಗಿನಿಂದ ಕೈ ಬಿಡಬಾರದು.
– ಓಡುತ್ತಿರುವಾಗ ಇಂಜಿನ್ ಆರಿಸಬಾರದು. ಪವರ್ ಸ್ಟಿಯರಿಂಗ್ ಸತ್ತುಹೋಗುತ್ತದೆ, ಬ್ರೇಕ್ ಕಲ್ಲಾಗುತ್ತದೆ, ಕೀ ತಿರುಗಿಸಿ ತೆಗೆದರೆ ಸ್ಟಿಯರಿಂಗ್ ಲಾಕ್ ಕೂಡ ಬೀಳಬಹುದು.
– ಘಾಟಿಯಲ್ಲಿ ಪರೀಕ್ಷೆ ಮಾಡಬಾರದು.
– ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು.
– ಇಟ್ಟಿಗೆ, ಮರದ ತುಂಡು, ಹಳೇ ರಿಮ್ಮನ್ನು ಸ್ಟ್ಯಾಂಡಿನಂತೆ ಬಳಸುವುದು ಬೇಡ.
– ಇಂಜಿನ್ನಿನ ಆಯಿಲ್ ಸಂಪ್‌ಗೆ, ನೆಲದ ತಗಡಿಗೆ ಜಾಕ್ ಕೊಡಬಾರದು.
– ಇಂಜಿನ್ ಹಿಂದಿರುವ ಕಾರನ್ನು ಮುಂದೆ ಇಂಜಿನ್ ಇರುವ ಕಾರಿನಂತೆ ಎತ್ತಬಾರದು. ಭಾರ ಹಿಂದಿದೆ, ಎರಡು ಕಂಬದ ಲಿಫ್ಟಿನಲ್ಲಿ ಮುಂಭಾಗ ಮೇಲೇಳುತ್ತದೆ.
– ಕಾರಣ ಸಿಗುವ ಮುಂಚೆ ಯಾವ ಭಾಗವನ್ನೂ ಬದಲಿಸುವುದು ಬೇಡ.
– ಪದೇ ಪದೇ ಬ್ಯಾಲೆನ್ಸಿಂಗ್ ಮಾಡಿಸಿಕೊಂಡು ಕಾಲ ತಳ್ಳುವುದು ಬೇಡ. ಆ ಯಂತ್ರ ಚಕ್ರದ ತೂಕ ಅಳೆಯುತ್ತದೆ, ಆರ್ಮಿನ ಪ್ಲೇ ಅಳೆಯುವುದಿಲ್ಲ. ಸವೆದ ಬುಷ್ ಕಾಳಿನಷ್ಟು ತೂಕದ ವ್ಯತ್ಯಾಸವನ್ನೂ ದೊಡ್ಡ ನಡುಕ ಮಾಡಿ ತೋರಿಸುತ್ತದೆ; ಬ್ಯಾಲೆನ್ಸ್ ಆದ ವಾರ ನಡುಕ ಅಡಗುತ್ತದೆ, ಸವೆತ ಬೆಳೆಯುತ್ತಲೇ ಇರುತ್ತದೆ.
– ಪ್ಲೇ ಇರುವ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ಬೇಡ. ಅಳತೆ ರ‍್ಯಾಂಪಿನ ಮೇಲೆ ಮಾತ್ರ ಸರಿಯಿರುತ್ತದೆ.
– ಅಲಾಯ್ ರಿಮ್ಮಿನ ಬಿರುಕಿಗೆ ವೆಲ್ಡಿಂಗ್ ಹಾಕಿಸಬಾರದು.
– ಸೊಟ್ಟ ರಿಮ್ಮನ್ನು ಬೆಂಕಿ ಹಿಡಿದು ಸುತ್ತಿಗೆಯಲ್ಲಿ ಬಡಿಸುವುದು ಬೇಡ.
– ಹಿಂದಿನ ನಡುಕ ಮುಚ್ಚಲು ಟೈರುಗಳನ್ನು ಅದಲುಬದಲು ಮಾಡಿಸುವುದು ಬೇಡ. ಈ ಕಾರುಗಳಲ್ಲಿ ಬಹುಪಾಲಿಗೆ ಹಿಂದಿನ ಟೈರು ಅಗಲ. ಮುಂದಕ್ಕೆ ಕೂರುವುದೂ ಇಲ್ಲ.
– ಬಾಲ್ ಜಾಯಿಂಟಿಗೆ ಸಿರಿಂಜಿನಲ್ಲಿ ಗ್ರೀಸ್ ತುಂಬಿ ದಿನ ದೂಡಬಾರದು. ಸದ್ದು ಹೋಗುತ್ತದೆ, ಪ್ಲೇ ಹೋಗುವುದಿಲ್ಲ.
– ಗುಜರಿಯಿಂದ ತಂದ ಬಾಲ್ ಜಾಯಿಂಟ್, ಟೈ ರಾಡ್, ಆರ್ಮ್ ಹಾಕಬಾರದು. ಬಾಗಿಲು, ದೀಪ ತನ್ನಿ. ಚಕ್ರ ಹಿಡಿದಿಡುವ ಭಾಗ ಬೇಡ.
– ಬಿಚ್ಚಿದ ನೈಲಾಕ್ ನಟ್ ಮತ್ತೆ ಹಾಕಬಾರದು.
– ನಡುಕ ಹೋಗಲಿ ಎಂದು ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿಸುವುದು ಬೇಡ. ರಬ್ಬರ್ ನುಂಗುತ್ತಿದ್ದ ನಡುಕವನ್ನು ಅದು ನೇರ ಕೈಗೆ ಸಾಗಿಸುತ್ತದೆ.
– ಇಂಪ್ಯಾಕ್ಟ್ ಗನ್ನಿನಲ್ಲಿ ಚಕ್ರದ ಬೋಲ್ಟ್ ಕೊನೆವರೆಗೆ ಬಿಗಿಯಬಾರದು.
– ಬೋಲ್ಟಿನ ಎಳೆಗೆ, ಕೂರುವ ಮುಖಕ್ಕೆ ಗ್ರೀಸ್ ಸವರುವುದು ಬೇಡ.
– ಚಕ್ರದ ನಡುವೆ ಒಂದೇ ದೊಡ್ಡ ನಟ್ ಇರುವ ಕಾರನ್ನು ಪಂಕ್ಚರ್ ಅಂಗಡಿಯಲ್ಲಿ ಬಿಚ್ಚಿಸಬಾರದು. ಅದರ ಉಪಕರಣವೇ ಬೇರೆ, ಬಿಗಿಯುವ ಕ್ರಮವೇ ಬೇರೆ.
– ಜೋರು ಬ್ರೇಕ್ ಹಾಕಿ ನಿಂತ ಮೇಲೆ ಪೆಡಲ್ ಒತ್ತಿಕೊಂಡೇ ಕೂರಬಾರದು. ಬಿಸಿ ಡಿಸ್ಕಿಗೆ ಪ್ಯಾಡಿನ ಪದರ ಒಂದೇ ಜಾಗದಲ್ಲಿ ಅಂಟಿ ಹೊಸ ನಡುಕ ಹುಟ್ಟುತ್ತದೆ.
– ಬಿಸಿ ಡಿಸ್ಕಿನ ಮೇಲೆ ನೀರು ಬಿಡುವುದು ಬೇಡ.
– ಒಂದೇ ದಿನ ಟೈರು, ಡಿಸ್ಕ್, ಬುಷ್ ಮೂರನ್ನೂ ಬದಲಿಸಬಾರದು. ನಡುಕ ಹೋದರೆ ಯಾವುದರಿಂದ ಹೋಯಿತೆಂದು ತಿಳಿಯದು. ಹೋಗದಿದ್ದರೆ ಎಲ್ಲಿಂದ ಹುಡುಕಬೇಕೆಂದೂ ತಿಳಿಯದು.
– ಸಣ್ಣ ತುರ್ತು ಸ್ಪೇರ್ ಚಕ್ರದಲ್ಲಿ 80 ಕಿ.ಮೀ. ವೇಗ ದಾಟಬಾರದು.
– ರಿಪೇರಿಯಾದ ಕಾರನ್ನು ನೀವೇ ಓಡಿಸಿ ನೋಡದೆ ಬೇರೆಯವರ ಕೈಗೆ ಕೀ ಕೊಡುವುದು ಬೇಡ.